ಮಂಡ್ಯದ 38, ಮಂಗಳೂರಿನ 34: ಕರಾವಳಿಯ ಬೇಸಿಗೆ ವಾರದ ಮುನ್ಸೂಚನೆಯನ್ನು ಓದುವ ಬಗೆ

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನವರು. ಮೇ ಎರಡನೆಯ ವಾರದಲ್ಲಿ 74 ವರ್ಷದ ತಾಯಿಯವರನ್ನು ಕರೆದುಕೊಂಡು ಶಿರಾಡಿ ಘಾಟಿಯ ಮೂಲಕ ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ ಮತ್ತು ಗೋಕರ್ಣಕ್ಕೆ ಐದು ದಿನಗಳ ಯಾತ್ರೆ ಹೊರಡಬೇಕೆಂದಿದ್ದೇವೆ. ವಾರದ ಹವಾಮಾನ ಮುನ್ಸೂಚನೆಯಲ್ಲಿ ಮಂಡ್ಯಕ್ಕೆ ಗರಿಷ್ಠ 38, ಕನಿಷ್ಠ 22 ಡಿಗ್ರಿ ಎಂದೂ ಕರಾವಳಿಗೆ ಗರಿಷ್ಠ 34, ಕನಿಷ್ಠ 27 ಡಿಗ್ರಿ ಎಂದೂ ಇದೆ. ಹಾಗಿದ್ದರೆ ಅಲ್ಲಿ ನಮ್ಮಲ್ಲಿಗಿಂತ ತಂಪಿರಬೇಕಲ್ಲವೆ? ಆದರೆ ಅದೇ ಮುನ್ಸೂಚನೆಯಲ್ಲಿ ಕರಾವಳಿಗೆ ‘ಬಿಸಿ ಮತ್ತು ತೇವಭರಿತ ಹವೆ’ಯ ಎಚ್ಚರಿಕೆಯಿದೆ, ‘ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂದು ಹಳದಿ ಬಣ್ಣವೂ ಇದೆ. ಫೋನಿನ ಆ್ಯಪ್‌ನಲ್ಲಂತೂ ಏಳು ದಿನವೂ ಮಳೆಯ ಚಿತ್ರವೇ ಇದೆ. ಯಾವುದನ್ನು ನಂಬಬೇಕು? ಯಾತ್ರೆಯನ್ನು ಮುಂದೂಡಬೇಕೆ?

ಉತ್ತರ:

ಯಾತ್ರೆಯನ್ನು ಮುಂದೂಡಬೇಕಾದ ಕಾರಣ ಈ ಮುನ್ಸೂಚನೆಯಲ್ಲಿ ನನಗೆ ಕಾಣುತ್ತಿಲ್ಲ. ಆದರೆ 34 ಎಂಬ ಅಂಕಿಯನ್ನು ನೆಚ್ಚಿಕೊಂಡು, ಅಲ್ಲಿ ನಮ್ಮೂರಿಗಿಂತ ನಾಲ್ಕು ಡಿಗ್ರಿ ತಂಪಾಗಿರುತ್ತದೆ ಎಂಬ ಲೆಕ್ಕದಲ್ಲಿ ನಿಮ್ಮ ತಾಯಿಯವರ ದಿನಚರಿಯನ್ನು ಗೊತ್ತುಮಾಡಬೇಡಿ. ನೀವು ಬರೆದಿರುವ ನಾಲ್ಕು ಅಂಕಿಗಳಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಕರಾವಳಿಯ ಕನಿಷ್ಠ 27ರ ಮೇಲೆ. ಮೈಸೂರು ಮಂಡ್ಯದ ಕಡೆಯವರು ಮುನ್ಸೂಚನೆಯಲ್ಲಿ ಗರಿಷ್ಠ ಉಷ್ಣಾಂಶವನ್ನು ನೋಡಿ ಉಳಿದದ್ದನ್ನು ಬಿಟ್ಟುಬಿಡುವ ರೂಢಿಯವರು, ಮತ್ತು ನಮ್ಮ ಬಯಲಿನ ಒಣ ಬೇಸಿಗೆಗೆ ಆ ರೂಢಿ ಬಹುಮಟ್ಟಿಗೆ ಸಾಕಾಗುತ್ತದೆ. ಘಟ್ಟ ಇಳಿದ ಮೇಲೆ ಅದು ಸಾಲದು.

ಮೊದಲು ಆ 34 ಏನನ್ನು ಹೇಳುತ್ತದೆ ಎಂಬುದನ್ನು ನೋಡೋಣ. ಹವಾಮಾನ ಕೇಂದ್ರದ ಉಷ್ಣಮಾಪಕವು ಬಿಳಿ ಬಣ್ಣ ಬಳಿದ, ಗಾಳಿಯಾಡಲು ಪಟ್ಟಿಗಳಿರುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಆಳೆತ್ತರಕ್ಕಿಂತ ತುಸು ಕೆಳಗೆ ಇರುತ್ತದೆ. ಅದು ಅಳೆಯುವುದು ನೆರಳಿನಲ್ಲಿರುವ ಗಾಳಿಯ ಉಷ್ಣಾಂಶವನ್ನು ಮಾತ್ರ. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಬಿಸಿಯಾಗಲಿ, ಸರತಿ ಸಾಲಿನಲ್ಲಿ ಒತ್ತೊತ್ತಾಗಿ ನಿಂತವರ ಮೈಶಾಖವಾಗಲಿ, ಆ ಗಾಳಿಯಲ್ಲಿ ಎಷ್ಟು ನೀರಾವಿ ಇದೆ ಎಂಬುದಾಗಲಿ ಆ ಅಂಕಿಯಲ್ಲಿ ಸೇರಿಲ್ಲ.

ನೀರಾವಿಯ ಮಾತು ಇಲ್ಲಿ ಮುಖ್ಯವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಬೇಸಿಗೆಗೆಂದು ಮಣ್ಣಿನ ಹೂಜಿ ಇಟ್ಟಿರಬಹುದು. ಅದರ ಮೈಯಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ, ಹಾಗಾಗಿ ನೀರು ತಣ್ಣಗಾಗುತ್ತದೆ. ಮಂಡ್ಯದಲ್ಲಿ ಮಧ್ಯಾಹ್ನ 38 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇಕಡ 25ರಷ್ಟಿದ್ದರೆ, ಹೀಗೆ ಆವಿಯಾಗುವುದರಿಂದ ತಣಿಯಬಹುದಾದ ಕೊನೆಯ ಮಿತಿ ಸುಮಾರು 23 ಡಿಗ್ರಿ. ಹೂಜಿಯ ನೀರು ಆ ಮಿತಿಯತ್ತ ಇಳಿಯುತ್ತಾ ಹೋಗುತ್ತದೆ. ಅದೇ ಹೂಜಿಯನ್ನು ಉಡುಪಿಗೆ ಒಯ್ದು 34 ಡಿಗ್ರಿ ಉಷ್ಣಾಂಶ, ಶೇಕಡ 60ರ ತೇವಾಂಶದಲ್ಲಿ ಇಟ್ಟರೆ ಆ ಮಿತಿ ಹೆಚ್ಚುಕಡಿಮೆ 27.5 ಡಿಗ್ರಿಗೇ ನಿಂತುಬಿಡುತ್ತದೆ. ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದಿಂದ ಅಳೆಯುವುದು ಈ ಮಿತಿಯನ್ನೇ. ಅದಕ್ಕೆ ವೆಟ್ ಬಲ್ಬ್ ಉಷ್ಣಾಂಶ ಎನ್ನುತ್ತಾರೆ.

ನಮ್ಮ ಮೈಯೂ ಈ ವಿಷಯದಲ್ಲಿ ಹೂಜಿಯ ಹಾಗೆಯೇ. ಬೆವರು ಸುರಿಯುವುದರಿಂದ ಮೈ ತಣಿಯುವುದಿಲ್ಲ, ಬೆವರು ಆರುವುದರಿಂದ ತಣಿಯುತ್ತದೆ. ಮಂಡ್ಯದ ಗದ್ದೆ ಬಯಲಿನಲ್ಲಿ ಬೆವರು ಹುಟ್ಟಿದಷ್ಟೇ ಬೇಗ ಆರಿಹೋಗುವುದರಿಂದ ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಕರಾವಳಿಯಲ್ಲಿ ಅದು ಆರದೆ ಅಲ್ಲೇ ನಿಂತು ಬಟ್ಟೆಯನ್ನು ತೊಯ್ಯಿಸುತ್ತದೆ. ಲೆಕ್ಕ ಹಾಕಿದರೆ, ನಾನು ಹೇಳಿದ 38 ಡಿಗ್ರಿಯ ಒಣ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 12 ಗ್ರಾಂ ನೀರಾವಿ ಇರುತ್ತದೆ, 34 ಡಿಗ್ರಿಯ ಕರಾವಳಿ ಗಾಳಿಯಲ್ಲಿ 22 ಗ್ರಾಮಿಗೂ ಹೆಚ್ಚು. ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ಕೂಡಿಸಿ ಮೈಗೆ ಎಷ್ಟು ಬಿಸಿ ಅನಿಸುತ್ತದೆ ಎಂದು ಹೇಳುವ ಹೀಟ್ ಇಂಡೆಕ್ಸ್ ಎಂಬ ಸೂಚ್ಯಂಕವಿದೆ. ಭಾರತೀಯ ಹವಾಮಾನ ಇಲಾಖೆ ಅದನ್ನು 2023ರಿಂದ ಪ್ರಾಯೋಗಿಕವಾಗಿ ಪ್ರಕಟಿಸುತ್ತಿದೆ. ಅದರ ಸೂತ್ರದಲ್ಲಿ ಮೇಲಿನ ಅಂಕಿಗಳನ್ನು ಇಟ್ಟು ನೋಡಿದಾಗ ಮಂಡ್ಯದ 38 ಹೆಚ್ಚುಕಡಿಮೆ 38 ಆಗಿಯೇ ಉಳಿಯಿತು, ಕರಾವಳಿಯ 34 ಮಾತ್ರ 42 ಆಯಿತು. ನಿಮ್ಮ ‘ತಂಪಿರಬೇಕಲ್ಲವೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಈ ಎರಡು ಅಂಕಿಗಳಲ್ಲಿದೆ.

ಭಾಷೆಯಲ್ಲಿಯೂ ಈ ವ್ಯತ್ಯಾಸ ಉಳಿದುಕೊಂಡಿದೆ. ನಮ್ಮ ಕಡೆಯವರು ಬೇಸಿಗೆಯನ್ನು ಬೈಯುವಾಗ ಬಿಸಿಲು, ಝಳ, ಧಗೆ ಎಂಬ ಮಾತುಗಳನ್ನು ಬಳಸುತ್ತೇವೆ. ಕರಾವಳಿಯವರು ಎದುರಾದೊಡನೆ ‘ಎಂಥ ಸೆಕೆ ಮಾರಾಯ್ರೆ’ ಎನ್ನುತ್ತಾರೆ. ಝಳದಿಂದ ತಪ್ಪಿಸಿಕೊಳ್ಳಲು ಹೊಂಗೆಯ ಮರದ ನೆರಳು ಸಾಕು. ಸೆಕೆ ನೆರಳಿನಲ್ಲಿಯೂ ಇರುತ್ತದೆ, ಮನೆಯೊಳಗೂ ಇರುತ್ತದೆ, ರಾತ್ರಿಯೂ ಇರುತ್ತದೆ. ಆಲೆಮನೆಯಲ್ಲಿ ಕೆಲಸ ಮಾಡಿದವರನ್ನು ಕೇಳಿದರೆ ಒಲೆಯ ಬಾಯಿಯ ಮುಂದೆ ಕೂರುವ ಕಷ್ಟ ಬೇರೆ, ಕುದಿಯುವ ಕೊಪ್ಪರಿಗೆಯ ಆವಿಗೆ ಮುಖವೊಡ್ಡಿ ನಿಲ್ಲುವ ಕಷ್ಟ ಬೇರೆ ಎಂದು ಅವರೇ ಹೇಳುತ್ತಾರೆ.

ಈಗ ಆ ಕನಿಷ್ಠ 27ರ ಸಂಗತಿಗೆ ಬರುತ್ತೇನೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಮಂಡ್ಯ ಸುಮಾರು 680 ಮೀಟರ್ ಎತ್ತರದಲ್ಲಿವೆ. ಒಣ ಗಾಳಿ ಮತ್ತು ತಿಳಿಯಾದ ಆಕಾಶದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಬೇಗ ಬಿಟ್ಟುಕೊಡುವುದರಿಂದ ಇಲ್ಲಿ ಹಗಲಿನ 38 ಬೆಳಗಿನ ಜಾವಕ್ಕೆ 22ಕ್ಕೆ ಇಳಿಯುತ್ತದೆ. ಹಗಲೆಲ್ಲ ಬಳಲಿದ ಮೈಗೆ ಆ ನಾಲ್ಕೈದು ಗಂಟೆ ಸುಧಾರಿಸಿಕೊಳ್ಳಲು ಸಿಗುತ್ತದೆ. ಕರಾವಳಿಯಲ್ಲಿ ಹಾಗೆ ಆಗುವುದಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಮೇಲ್ಮೈ ನೀರೇ 29ರಿಂದ 31 ಡಿಗ್ರಿಯಷ್ಟು ಬೆಚ್ಚಗಿರುತ್ತದೆ, ವಿಶೇಷವಾಗಿ ಆಗ್ನೇಯ ಅರಬ್ಬಿ ಸಮುದ್ರವು ಮೇ ತಿಂಗಳಲ್ಲಿ ಜಗತ್ತಿನ ಬಹು ಬೆಚ್ಚಗಿನ ಕಡಲ ಭಾಗಗಳಲ್ಲಿ ಒಂದು. ಅಷ್ಟು ಬೆಚ್ಚಗಿನ ನೀರಿನ ಪಕ್ಕದಲ್ಲಿರುವ, ನೀರಾವಿ ತುಂಬಿದ ಗಾಳಿ ನೆಲದ ಶಾಖವನ್ನು ಕಂಬಳಿಯಂತೆ ಹಿಡಿದಿಟ್ಟುಕೊಳ್ಳುತ್ತದೆ. ಹವಾಮಾನ ವೀಕ್ಷಣೆಯ ಕೆಲಸದಲ್ಲಿ ನನಗೆ ಮೊದಲ ಬಾರಿ ಕರಾವಳಿಗೆ ವರ್ಗವಾದಾಗ ಈ ಸಿದ್ಧಾಂತವೆಲ್ಲ ಪುಸ್ತಕದಿಂದ ಗೊತ್ತಿತ್ತು. ಆದರೂ ರಾತ್ರಿ ಒಗೆದು ಹರವಿದ ಪಂಚೆ ಬೆಳಿಗ್ಗೆ ಐದು ಗಂಟೆಗೂ ಹಸಿಯಾಗಿಯೇ ಇದ್ದುದನ್ನು ಮುಟ್ಟಿ ನೋಡಿದ ದಿನವೇ ಅದು ನಿಜವಾಗಿ ಅರ್ಥವಾದದ್ದು. ವಯಸ್ಸಾದವರಿಗೆ ಸೆಕೆಯಿಂದಾಗುವ ತೊಂದರೆ ಒಂದೇ ಮಧ್ಯಾಹ್ನದಲ್ಲಿ ಬರುವುದಕ್ಕಿಂತ, ಸರಿಯಾಗಿ ನಿದ್ದೆಯಿಲ್ಲದ ಎರಡು ಮೂರು ರಾತ್ರಿಗಳ ಮೇಲೆ ಬರುವುದು ಹೆಚ್ಚು. ಆದ್ದರಿಂದ ನಿಮ್ಮ ಖರ್ಚಿನಲ್ಲಿ ಎಲ್ಲಾದರೂ ಕೈ ಬಿಗಿ ಹಿಡಿಯಬೇಕಾಗಿದ್ದರೆ ತಂಗುವ ಕೋಣೆಯ ವಿಷಯದಲ್ಲಿ ಬೇಡ. ತಾಯಿಯವರು ಮಲಗುವ ಕೋಣೆಗೆ ಹವಾನಿಯಂತ್ರಣ ಇರಲಿ.

ಕರಾವಳಿಯ ದಿನದ ಸ್ವರೂಪವೂ ನಮ್ಮ ದಿನದ ಹಾಗಿರುವುದಿಲ್ಲ. ನಮ್ಮಲ್ಲಿ ಬಿಸಿಲು ಮಧ್ಯಾಹ್ನ ಎರಡೂವರೆ ಮೂರು ಗಂಟೆಯವರೆಗೂ ಏರುತ್ತಲೇ ಇರುತ್ತದೆ. ಅಲ್ಲಿ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗಿನ ಹೊತ್ತು ಬಹಳ ಕಠಿಣ. ರಾತ್ರಿಯ ನೆಲಗಾಳಿ ನಿಂತಿರುತ್ತದೆ, ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ, ಎಲೆಯೂ ಅಲುಗುವುದಿಲ್ಲ. ನೆಲವು ನೀರಿಗಿಂತ ಬೇಗ ಕಾಯುವುದರಿಂದ ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಿ, ಆ ಜಾಗಕ್ಕೆ ಕಡಲ ಮೇಲಿನ ಗಾಳಿ ನುಗ್ಗಿ ಬರಲು ಆರಂಭವಾದ ಮೇಲೆ, ಅಂದರೆ ಸಾಮಾನ್ಯವಾಗಿ ಹನ್ನೊಂದು ಗಂಟೆಯ ಆಚೀಚೆ, ಉಷ್ಣಾಂಶದ ಏರಿಕೆ ನಿಲ್ಲುತ್ತದೆ. ಈ ಗಾಳಿ ತರುವುದು ತೇವವನ್ನೇ ಆದರೂ ಅದು ಬೀಸುತ್ತಿರುವಷ್ಟು ಹೊತ್ತು ಬೆವರು ಸ್ವಲ್ಪ ಆರುತ್ತದೆ. ಮಲ್ಪೆ, ಮುರುಡೇಶ್ವರಗಳಂತಹ ಕಡಲಂಚಿನ ಊರುಗಳಿಗೆ ಇದರ ಪ್ರಯೋಜನ ಪೂರ್ತಿ ಸಿಗುತ್ತದೆ. ಕೊಲ್ಲೂರು ಕಡಲಿನಿಂದ ಒಳಗೆ ಸರಿದು ಕೊಡಚಾದ್ರಿಯ ಬುಡದ ಕಾಡಿನ ನಡುವೆ ಇರುವುದರಿಂದ ಅಲ್ಲಿಗೆ ಗಾಳಿ ತಡವಾಗಿ, ಬಲಗುಂದಿ ತಲುಪುತ್ತದೆ. ಧರ್ಮಸ್ಥಳದ ಮಾತೂ ಅದೇ. ಕಾಡು ಇದೆ, ಹೊಳೆ ಇದೆ, ಆದ್ದರಿಂದ ತಂಪಿರುತ್ತದೆ ಎಂಬ ಊಹೆ ಮೇ ತಿಂಗಳಲ್ಲಿ ಈ ಎರಡು ಊರುಗಳಿಗೆ ಹೊಂದುವುದಿಲ್ಲ.

ಇದೇ ಕಡಲಗಾಳಿಯು ಕರಾವಳಿಯ ಬೇಸಿಗೆಯ ಮತ್ತೊಂದು ವಿಶೇಷಕ್ಕೂ ಕಾರಣ. ಕರಾವಳಿಯಲ್ಲಿ ಉಷ್ಣಮಾಪಕ ಅತಿ ಮೇಲಕ್ಕೇರುವುದು ಬಹುತೇಕ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ. ಆಗ ಒಳನಾಡಿನಿಂದ ಘಟ್ಟವಿಳಿದು ಬರುವ ಒಣ ಮೂಡಗಾಳಿ ಬಲವಾಗಿದ್ದು, ಇಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಕಾಯುತ್ತದೆ, ಕಡಲಗಾಳಿಯನ್ನು ಮಧ್ಯಾಹ್ನದವರೆಗೆ ದಡಕ್ಕೆ ಬರಗೊಡುವುದಿಲ್ಲ. 2025ರ ಫೆಬ್ರವರಿಯ ಕೊನೆಯ ವಾರದಲ್ಲಿಯೇ ಕರಾವಳಿ ಕರ್ನಾಟಕಕ್ಕೆ ಉಷ್ಣ ಅಲೆಯ ಎಚ್ಚರಿಕೆ ಬಂದದ್ದು ಹೀಗೆ. ಮೇ ತಿಂಗಳ ಹೊತ್ತಿಗೆ ಪಡುವಣ ಗಾಳಿ ನೆಲೆಯಾಗುವುದರಿಂದ ಅಂಕಿ 33, 34ಕ್ಕೆ ಇಳಿಯುತ್ತದೆ, ತೇವ ಏರುತ್ತದೆ. ಹಾಗಾಗಿ ನೀವು ನೋಡಿದ 34 ಮೇ ತಿಂಗಳಿಗೆ ತೀರ ಸಹಜವಾದ ಅಂಕಿ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳಿವೆ. ನಾವು ದಕ್ಷಿಣ ಒಳನಾಡಿನವರು. ಉಷ್ಣ ಅಲೆ ಎಂದು ಘೋಷಿಸಲು ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿಯನ್ನೂ ಕರಾವಳಿಯಲ್ಲಿ ಕನಿಷ್ಠ 37 ಡಿಗ್ರಿಯನ್ನೂ ಮುಟ್ಟಬೇಕು, ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಒಂದೇ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಸತತ ಎರಡು ದಿನ ಹೀಗೆ ದಾಖಲಾದರೆ ಘೋಷಣೆಯಾಗುತ್ತದೆ. ಮೇ ತಿಂಗಳ ಕರಾವಳಿಯಲ್ಲಿ ಇದು ಅಪರೂಪ. ಆದ್ದರಿಂದ ‘ಉಷ್ಣ ಅಲೆಯ ಎಚ್ಚರಿಕೆ ಇಲ್ಲ’ ಎಂಬುದನ್ನು ಸೆಕೆ ಇಲ್ಲ ಎಂದು ಓದಬಾರದು. ಉಷ್ಣ ಅಲೆಯ ಮಾನದಂಡಕ್ಕೆ ಸಿಗದ, ಆದರೆ ಮೈಗೆ ಹಾನಿ ಮಾಡಬಲ್ಲ ಸ್ಥಿತಿಯನ್ನು ಹೇಳುವುದಕ್ಕಾಗಿಯೇ ‘ಬಿಸಿ ಮತ್ತು ತೇವಭರಿತ ಹವೆ’ ಎಂಬ ಬೇರೆ ಎಚ್ಚರಿಕೆಯನ್ನು ಕೊಡುತ್ತಾರೆ. ನಿಮ್ಮ ತಾಯಿಯವರ ವಯಸ್ಸಿನವರು ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಇದನ್ನೇ.

ಇನ್ನು ಮಳೆ. ‘ಒಂದೆರಡು ಕಡೆ’ ಎಂಬುದು ಮುನ್ಸೂಚನೆಯಲ್ಲಿ ಬಾಯಿಮಾತಿನ ಪದವಲ್ಲ, ಅದಕ್ಕೆ ಅಳತೆಯಿದೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡ 25 ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆ ಬೀಳುವ ನಿರೀಕ್ಷೆಯಿದ್ದರೆ ‘ಒಂದೆರಡು ಕಡೆ’, ಶೇಕಡ 50ರವರೆಗೆ ‘ಕೆಲವು ಕಡೆ’, 75ರವರೆಗೆ ‘ಹಲವು ಕಡೆ’, ಅದಕ್ಕೂ ಮೀರಿದರೆ ‘ಬಹುತೇಕ ಎಲ್ಲ ಕಡೆ’. ಹೀಗಾಗಿ ನಿಮಗೆ ಬಂದಿರುವ ಮುನ್ಸೂಚನೆಯ ಅರ್ಥ ನಾಲ್ಕು ಊರುಗಳಲ್ಲಿ ಮೂರು ಅಥವಾ ಅದಕ್ಕೂ ಹೆಚ್ಚು ಊರುಗಳು ಆ ದಿನ ಒಣಗಿಯೇ ಇರುತ್ತವೆ ಎಂದು. ಹಳದಿ ಬಣ್ಣದ ಅರ್ಥ ಗಮನವಿಟ್ಟಿರಿ ಎಂದಷ್ಟೇ. ಕಿತ್ತಳೆ ಬಂದರೆ ಸಿದ್ಧರಾಗಿರಬೇಕು, ಕೆಂಪು ಬಂದರೆ ಕ್ರಮ ಕೈಗೊಳ್ಳಬೇಕು. ಹಳದಿಯನ್ನು ಮಳೆ ಹೆಚ್ಚು ಎಂಬುದಕ್ಕಾಗಿಯೇ ಕೊಡುತ್ತಾರೆಂದೂ ತಿಳಿಯಬೇಡಿ. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಮೇಲೆ ಬಿದ್ದರೆ ಮಾತ್ರ ಅದು ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ. ಬೇಸಿಗೆಯಲ್ಲಿ ಹಳದಿ ಬರುವುದು ಹೆಚ್ಚಾಗಿ ಸಿಡಿಲು ಮತ್ತು ಬಿರುಗಾಳಿಯ ಕಾರಣಕ್ಕೆ.

ಈ ಮಳೆ ಎಲ್ಲಿ, ಯಾವಾಗ ಬೀಳುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ, ಮತ್ತು ನಿಮ್ಮ ದಾರಿಗೆ ಅದೇ ಮುಖ್ಯ. ಕಡಲಗಾಳಿ ಒಳನಾಡಿನತ್ತ ಸಾಗಿ ಪಶ್ಚಿಮ ಘಟ್ಟದ ಗೋಡೆಗೆ ಮುಟ್ಟಿ ಮೇಲೇರುತ್ತದೆ. ಘಟ್ಟದ ನೆತ್ತಿಯಲ್ಲಿ ಅದಕ್ಕೆ ಒಳನಾಡಿನ ಕಡೆಯ ಗಾಳಿ ಎದುರಾಗುತ್ತದೆ. ಮಧ್ಯಾಹ್ನ ಎರಡರ ನಂತರ ಅಲ್ಲಿ ಮೋಡಗಳು ಹೂಕೋಸಿನಂತೆ ಎದ್ದು, ನಾಲ್ಕರಿಂದ ಎಂಟರ ನಡುವೆ ಗುಡುಗುತ್ತಾ ಸುರಿದು, ಮೇಲಿನ ಗಾಳಿ ಮೂಡಣದಿಂದ ಬೀಸುತ್ತಿರುವ ದಿನಗಳಲ್ಲಿ ಮಾತ್ರ ಕಡಲ ಕಡೆಗೂ ಸರಿಯುತ್ತವೆ. ಹಾಗಾಗಿ ಸುಳ್ಯ, ಬೆಳ್ತಂಗಡಿ, ಕಾರ್ಕಳದಂತಹ ಘಟ್ಟದ ಬುಡದ ತಾಲ್ಲೂಕುಗಳಲ್ಲಿ ಸಂಜೆ ಜೋರು ಮಳೆಯಾದ ದಿನವೂ ಮಂಗಳೂರು, ಮಲ್ಪೆಯವರು ಮೂಡಲಲ್ಲಿ ಮಿಂಚುವುದನ್ನು ನೋಡುತ್ತಾ ಸೆಕೆಯಲ್ಲಿ ಕುಳಿತಿರಬಹುದು. ನಮ್ಮ ಕಡೆಯ ಬೇಸಿಗೆ ಮಳೆಯೂ ಇದೇ ಜಾತಿಯದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ರೈತರು ಕಾಯುವುದು ಇದಕ್ಕಾಗಿಯೇ. ಮೈಸೂರಿನಲ್ಲಿ ಮೇ ತಿಂಗಳ ವಾಡಿಕೆ ಮಳೆ ಜೂನ್ ಜುಲೈ ತಿಂಗಳ ಮಳೆಗಿಂತ ಹೆಚ್ಚು. ಕರಾವಳಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು. ಬೇಸಿಗೆಯ ಗುಡುಗುಮಳೆ ಆ ಲೆಕ್ಕದಲ್ಲಿ ಒಂದು ಸಣ್ಣ ಪಾಲು.

ಆ್ಯಪ್‌ನಲ್ಲಿ ಏಳು ದಿನವೂ ಮಳೆಯ ಚಿತ್ರ ಬರುವುದೇಕೆ ಎಂಬುದು ಇದರಿಂದಲೇ ತಿಳಿಯುತ್ತದೆ. ಬಹಳಷ್ಟು ಆ್ಯಪ್‌ಗಳು ಯಾವುದೋ ಒಂದು ಜಾಗತಿಕ ಕಂಪ್ಯೂಟರ್ ಮಾದರಿಯ ಅಂಕಿಗಳನ್ನು ತೆಗೆದು, ಮಾನವ ಮುನ್ಸೂಚಕರ ಪರಿಶೀಲನೆಯಿಲ್ಲದೆ, ನೇರವಾಗಿ ಚಿತ್ರಕ್ಕೆ ಇಳಿಸುತ್ತವೆ. ಮಾದರಿಯು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಮಾಡುತ್ತದೆ. ನಮ್ಮ ದೇಶದಲ್ಲಿ 2025ರ ಮೇ 26ರಂದು ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಆ ಚೌಕ 6 ಕಿಲೋಮೀಟರಿನದು, ಅದಕ್ಕೆ ಮೊದಲಿನದು 12 ಕಿಲೋಮೀಟರಿನದಾಗಿತ್ತು. ಬೇಸಿಗೆಯ ಒಂದು ಗುಡುಗುಮೋಡದ ಅಡ್ಡಳತೆ ಹಲವು ಬಾರಿ ಅಷ್ಟೂ ಇರುವುದಿಲ್ಲ. ಆದ್ದರಿಂದ ಚೌಕದೊಳಗೆ ಎಲ್ಲೋ ಸಂಜೆ ಎರಡು ಮಿಲಿಮೀಟರ್ ಬಿದ್ದೀತೆಂದು ಲೆಕ್ಕ ಬಂದರೂ ದಿನವಿಡೀ ಮಳೆ ಎಂಬಂತೆ ಚಿತ್ರ ಮೂಡುತ್ತದೆ. ಆ ಚಿತ್ರವನ್ನು ‘ಈ ವಾರದ ಗಾಳಿಯಲ್ಲಿ ಸಂಜೆ ಮೋಡ ಕಟ್ಟುವಷ್ಟು ತೇವವಿದೆ’ ಎಂದು ಓದಿಕೊಂಡರೆ ತಪ್ಪಾಗುವುದಿಲ್ಲ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ.

ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಜಿಲ್ಲೆಯ ಮಟ್ಟಕ್ಕೆ ನನ್ನ ಮೊದಲ ಆಯ್ಕೆ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರದ ಮುನ್ಸೂಚನೆ. ಬಿದ್ದ ಮಳೆಯ ವಿವರಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ಒಳ್ಳೆಯ ಮೂಲ, ಏಕೆಂದರೆ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅವರ ಮಳೆಮಾಪಕಗಳಿವೆ. ಆದರೆ ಯಾವ ಮೂಲವಾದರೂ ವಾರದ ಏಳು ದಿನಗಳಿಗೂ ಒಂದೇ ತೂಕವಿರುವುದಿಲ್ಲ. ಮೊದಲ ಎರಡು ಮೂರು ದಿನಗಳ ಉಷ್ಣಾಂಶ ಮತ್ತು ಗಾಳಿಯ ದಿಕ್ಕನ್ನು ಧೈರ್ಯವಾಗಿ ನಂಬಿ ಯೋಜನೆ ಮಾಡಬಹುದು. ನಾಲ್ಕು, ಐದನೆಯ ದಿನ ಮಳೆ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬ ಒಲವನ್ನು ನಂಬಬಹುದು. ಆರು, ಏಳನೆಯ ದಿನದ್ದು ಬರೇ ಒಂದು ಮುನ್ನೋಟ. ಗುಡುಗುಮಳೆಯ ವಿಷಯದಲ್ಲಿ ಇನ್ನೂ ಬಿಗಿಯಾಗಿ ಹೇಳುತ್ತೇನೆ: ಇಂಥ ಊರಿನಲ್ಲಿ ಇಂಥ ಹೊತ್ತಿಗೆ ಎಂದು ಹೇಳಬಲ್ಲದ್ದು ರೇಡಾರ್ ಮತ್ತು ಉಪಗ್ರಹ ಚಿತ್ರ ನೋಡಿ ಮುಂದಿನ ಮೂರು ಗಂಟೆಗಳಿಗೆ ಕೊಡುವ ತಕ್ಷಣದ ಮುನ್ಸೂಚನೆ ಮಾತ್ರ. ಫೋನಿನಲ್ಲಿ ಇಲಾಖೆಯ ‘ಮೌಸಮ್’ ಆ್ಯಪ್ ಮತ್ತು ಸಿಡಿಲಿಗಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಇಟ್ಟುಕೊಂಡರೆ ದಾರಿಯಲ್ಲಿ ಉಪಯೋಗಕ್ಕೆ ಬರುತ್ತವೆ.

ಮುನ್ಸೂಚನೆ ಸರಿಬಂತೋ ಇಲ್ಲವೋ ಎಂದು ಪತ್ರಿಕೆಯ ಮಳೆಪಟ್ಟಿಯೊಡನೆ ತಾಳೆ ನೋಡುವವರು ಒಂದು ವಿಷಯ ನೆನಪಿಡಬೇಕು. ಮಳೆಯನ್ನು ಅಳೆಯುವುದು ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳ ಲೆಕ್ಕದಲ್ಲಿ. ಮಂಗಳವಾರದ ಪಟ್ಟಿಯಲ್ಲಿರುವ ಮಳೆ ಹೆಚ್ಚಿನಂಶ ಸೋಮವಾರ ಸಂಜೆ ಬಿದ್ದದ್ದು.

ಗೋಕರ್ಣ ಮತ್ತು ಮುರುಡೇಶ್ವರದಲ್ಲಿ ಕಡಲಿಗಿಳಿಯುವ ಆಸೆ ಮನೆಯವರಿಗೆಲ್ಲ ಇದ್ದೇ ಇರುತ್ತದೆ, ಅದರ ಬಗ್ಗೆ ನೀವು ಕೇಳದಿದ್ದರೂ ಹೇಳಲೇಬೇಕು. ಕಡಲು ಹೇಗಿದೆ ಎಂಬುದನ್ನು ಆಕಾಶ ನೋಡಿ ತಿಳಿಯಲು ಬರುವುದಿಲ್ಲ. ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಗಳಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಹಲವು ದಿನ ಸಾವಿರಾರು ಕಿಲೋಮೀಟರ್ ಸಾಗಿಬಂದು, ಬಿಸಿಲು ಕಾಯುತ್ತಿರುವ, ಗಾಳಿಯಿಲ್ಲದ ದಿನದಲ್ಲಿಯೇ ನಮ್ಮ ದಡಕ್ಕೆ ಅಪ್ಪಳಿಸುವುದುಂಟು. ಮುಂಗಾರಿಗೆ ಮುಂಚಿನ ಈ ತಿಂಗಳುಗಳಲ್ಲಿಯೇ ಅದು ಹೆಚ್ಚು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ, ನಮ್ಮ ಮಾತಿನಲ್ಲಿಯೂ ಅದು ಕಳ್ಳ ಕಡಲೇ. 2012ರಲ್ಲಿ ಯುನೆಸ್ಕೊ ಈ ಪದವನ್ನು ಶಾಸ್ತ್ರೀಯ ಬಳಕೆಗೆ ಒಪ್ಪಿಕೊಂಡಿತು. ಇದರ ಮುನ್ಸೂಚನೆ ಕೊಡುವುದು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ. ಅದರ ಎಚ್ಚರಿಕೆ ಇದ್ದ ದಿನ, ಅಥವಾ ಕಡಲತೀರದ ಜೀವರಕ್ಷಕರು ಬೇಡವೆಂದ ಜಾಗದಲ್ಲಿ, ಮಂಡಿಯುದ್ದದ ನೀರಿಗೂ ಇಳಿಯಬೇಡಿ. ಕಾವೇರಿಯಲ್ಲಿ ಈಜಿ ಬೆಳೆದವರಿಗೆ ಹೊಳೆಯ ಸೆಳೆತ ಗೊತ್ತು, ಆದರೆ ಹಿಂದಕ್ಕೆ ಸರಿಯುವ ಅಲೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವುದು ಬೇರೆಯೇ ಬಗೆ.

ಮೇ ಎರಡನೆಯ ವಾರದಲ್ಲಿ ಮುಂಗಾರು ಬಂದುಬಿಡುವ ಚಿಂತೆ ಬೇಡ. ಕೇರಳಕ್ಕೆ ಅದರ ವಾಡಿಕೆಯ ದಿನ ಜೂನ್ 1. ಬಹಳ ಬೇಗ ಬಂದ 2025ರಲ್ಲಿ ಕೂಡ ಅದು ಮೇ 24. ಮುಂಗಾರು ಪ್ರವೇಶವನ್ನು ಘೋಷಿಸಲು ನೋಡುವ 14 ಮಳೆ ಕೇಂದ್ರಗಳಲ್ಲಿ ನಮ್ಮ ಮಂಗಳೂರೂ ಒಂದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಆದರೆ ಈ ವಾರಗಳಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಯಿತೆಂಬ ಸುದ್ದಿ ಬಂದರೆ ನಾನು ಮೇಲೆ ಹೇಳಿದ ಸಂಜೆ ಮಳೆಯ ಕ್ರಮವೆಲ್ಲ ಬದಲಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಸಾಗಿ ಮೇ 17ರಂದು ಗುಜರಾತಿನಲ್ಲಿ ನೆಲಮುಟ್ಟಿತು. ಅದು ಎದುರಿನಿಂದ ಹಾದುಹೋದ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಮಳೆಗಾಳಿಯೂ ಕಡಲ್ಕೊರೆತವೂ ಆದವು. ನೀವು ಯಾತ್ರೆಯನ್ನು ಮುಂದೂಡಬೇಕಾದ ಸಂದರ್ಭ ಅಂಥದು ಮಾತ್ರ, ಮತ್ತು ಅದು ನಾಲ್ಕೈದು ದಿನ ಮೊದಲೇ ತಿಳಿಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಹೊರಡುತ್ತೇನೆ. ಮದ್ದೂರನ್ನು ಬೆಳಗಿನ ಜಾವ ಐದಕ್ಕೆ ಬಿಟ್ಟು, ಹಾಸನ ದಾಟಿ, 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರದಲ್ಲಿ ತಿಂಡಿ ಮುಗಿಸಿ, ಘಟ್ಟದ ಮೇಲೆ ಮೋಡ ಕಟ್ಟುವ ಮೊದಲೇ, ಮಧ್ಯಾಹ್ನ ಒಂದರೊಳಗೆ ಶಿರಾಡಿ ಘಾಟಿಯನ್ನು ಇಳಿದುಬಿಡುತ್ತೇನೆ. ಅಂದು ತಾಯಿಯವರಿಗೆ ಬೇರೆ ಕಾರ್ಯಕ್ರಮ ಇಡುವುದಿಲ್ಲ, ಏಕೆಂದರೆ ತೇವದ ಗಾಳಿಗೆ ಮೈ ಒಗ್ಗಲು ಕೆಲವು ದಿನಗಳೇ ಬೇಕು. ದರ್ಶನಗಳನ್ನು ಬೆಳಿಗ್ಗೆ ಎಂಟೂವರೆಯೊಳಗೆ ಅಥವಾ ಕತ್ತಲಾದ ಮೇಲೆ ಇಟ್ಟುಕೊಂಡು, ಒಂಬತ್ತರಿಂದ ನಾಲ್ಕರವರೆಗೆ ಅವರನ್ನು ಸರತಿ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಕೊಲ್ಲೂರಿನ ದಿನ ಸಂಜೆಯ ಮಳೆ ಸಿಡಿಲನ್ನು ಎಣಿಸಿ ಮಧ್ಯಾಹ್ನವೇ ಅಲ್ಲಿಂದ ಕಡಲಂಚಿಗೆ ಇಳಿಯುತ್ತೇನೆ. ಗುಡುಗು ಕೇಳಿದೊಡನೆ ಮರದಡಿಯನ್ನು ಬಿಟ್ಟು ಗಟ್ಟಿ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲಿಯೇ ಇರುತ್ತೇನೆ.

ತಾಯಿಯವರಿಗೆ ಬಾಯಾರಿಕೆ ಆಗಲೆಂದು ಕಾಯದೆ ಗಂಟೆಗೊಮ್ಮೆ ನೀರು, ಉಪ್ಪು ಹಾಕಿದ ಮಜ್ಜಿಗೆ, ಎಳನೀರು ಕೊಡಿ. ಮದ್ದೂರಿನವರಾದ ನಿಮಗೆ ಎಳನೀರಿನ ಗುಣವನ್ನು ನಾನು ಹೇಳಬೇಕಾಗಿಲ್ಲ, ಅಲ್ಲಿ ಅದನ್ನು ಬೊಂಡ ಎಂದು ಕೇಳಬೇಕಷ್ಟೇ. ಅವರು ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಉಪ್ಪು ಮತ್ತು ಎಳನೀರಿನ ಪ್ರಮಾಣವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ ಕಂಡರೆ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಫ್ಯಾನ್ ಗಾಳಿ ಹಾಯಿಸಿ. ಮಾತು ತೊದಲಿದರೆ, ಗೊಂದಲಗೊಂಡಂತೆ ಕಂಡರೆ, ಮೈ ಕೆಂಡದಂತೆ ಸುಟ್ಟರೆ 108ಕ್ಕೆ ಕರೆ ಮಾಡಿ, ಅವರು ಬರುವವರೆಗೆ ಮೈಮೇಲೆ ನೀರು ಸುರಿಯುತ್ತಲೇ ಇರಿ. ತೇವದ ಸೆಕೆಯಲ್ಲಿ ಬೆವರು ಸುರಿಯುತ್ತಿರುವಾಗಲೇ ಈ ಸ್ಥಿತಿ ಬರಬಹುದು, ಆದ್ದರಿಂದ ಬೆವರುತ್ತಿದ್ದಾರಲ್ಲ ಎಂದು ಸುಮ್ಮನಿರಬೇಡಿ.

ಹೊರಡುವ ಹಿಂದಿನ ಸಂಜೆ ಜಿಲ್ಲಾ ಮುನ್ಸೂಚನೆಯನ್ನು ಮತ್ತೊಮ್ಮೆ ತೆಗೆದು ನೋಡಿ. ಆಗ ಕಾಣುವ ಮೊದಲ ಮೂರು ದಿನಗಳೇ ನಿಮ್ಮ ಧರ್ಮಸ್ಥಳ, ಉಡುಪಿ ಮತ್ತು ಕೊಲ್ಲೂರಿನ ದಿನಗಳು. ಗೋಕರ್ಣದ ದಿನದ್ದನ್ನು ಉಡುಪಿಯಲ್ಲಿದ್ದಾಗ ನೋಡಿದರೆ ಸಾಕು.